ಮಕ್ಕಳ ಒಡಂಬಡಿಕೆಯೂ ನಮ್ಮ ಹಾಜರಿ ಪುಸ್ತಕವೂ

ರಾಷ್ಟ್ರಗಳ ಒಡಂಬಡಿಕೆಗೆ ರುಜು ಹಾಕುವುದು ಸಮ್ಮತಿಯ ಸೂಚನೆ. ಬಳಿಕ ಸ್ಥಿರೀಕರಿಸಿದರೆ ಮಾತ್ರ ಸರಕಾರವು ಬದ್ಧವಾಗುವುದು. ಮೊದಲು ರುಜು ಹಾಕದ ರಾಷ್ಟ್ರವು ನೇರವಾಗಿಯೂ ಸೇರಬಹುದು. ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತವು 1992ನೆಯ ಡಿಸೆಂಬರ್ 11ರಂದು ಹೀಗೆಯೇ ಸೇರಿತು. ಆದರೆ ಬಾಲದುಡಿಮೆಯ ಕುರಿತಾದ 32ನೆಯ ವಿಧಿಯನ್ನು ಕ್ರಮೇಣ ಜಾರಿಗೆ ತರುವೆನೆಂದು ಹೇಳಿಕೆಯನ್ನಿತ್ತಿತು. ದುಡಿಮೆಯ ಕನಿಷ್ಠ ವಯಸ್ಸನ್ನು ಕುರಿತ 1973ರ ಕಾರ್ಮಿಕ ಒಡಂಬಡಿಕೆಯನ್ನು 2017ರಲ್ಲಷ್ಟೆ ಸ್ಥಿರೀಕರಿಸಿತು. ನಮ್ಮಲ್ಲಿ ಸ್ಥಿರೀಕರಿಸುವುದು ಕೇಂದ್ರ ಸರಕಾರ. ಅದನ್ನು ನಡೆಸಲು ಶಾಸನ ಮಾಡುವ ಅಧಿಕಾರವು ಸಂವಿಧಾನದ 253ನೆಯ ಅನುಚ್ಛೇದದಂತೆ ಪಾರ್ಲಿಮೆಂಟಿನದು.

ಹತ್ತಿ ಬಿಡಿಸುವ ಕಾಲದಲ್ಲಿ ಹೊಲಕ್ಕೆ ಹೋದ ಹುಡುಗಿಯ ಹೆಸರಿನ ಮುಂದೆ ಗೈರುಹಾಜರಿ ಬರೆಯುವಾಗ ನಮ್ಮ ಕೈ ತಡೆಯುತ್ತದೆ. ಕಲ್ಲೂರಿನ ತಾಯಿತಂದೆಗಳೇ, ಸರಕಾರವು ಕೊಟ್ಟ ಮಾತನ್ನು ಮನೆಯಲ್ಲಿ ನಡೆಸಿಕೊಡುವವರು ನೀವೇ. ಮಗಳನ್ನು ಶಾಲೆ ಬಿಡಿಸದಿರಿ.