ಜಮಖಂಡಿಯಲ್ಲಿ ಮೊಳೆತ ಒಂದು ಪಠ್ಯಕ್ರಮ

ಹಲವು ಧರ್ಮಗಳನ್ನು ಒಂದೇ ತರಗತಿಯಲ್ಲಿ ಕಲಿಸಹೊರಟವರನ್ನು ಕಾಡುವುದು, ಯಾವುದರ ಪಕ್ಕ ಯಾವುದನ್ನು ಇಡಬೇಕೆಂಬ ಪ್ರಶ್ನೆ. ಧರ್ಮಕ್ಕೊಂದು ವಾರ ಹಂಚಿಬಿಡುವುದು ಸುಲಭ. ಬೇರೆ ದಾರಿ ಹುಡುಕಿದವರೊಬ್ಬರು ನಮ್ಮ ಬಾಡಗಂಡಿಯ ನೆರೆತಾಲ್ಲೂಕು ಜಮಖಂಡಿಯಲ್ಲೇ 1886ರಲ್ಲಿ ಹುಟ್ಟಿದರು: ಗುರುದೇವ ರಾಮಚಂದ್ರ ದತ್ತಾತ್ರೇಯ ರಾನಡೆ.

ಆಗ ಜಮಖಂಡಿ ಪಟವರ್ಧನರ ಸಂಸ್ಥಾನ. ರಾನಡೆಯವರ ಮನೆಮಾತು ಮರಾಠಿ, ಸುತ್ತಲಿನ ಸೀಮೆ ಕನ್ನಡ. 1901ರಲ್ಲಿ, ಇನ್ನೂ ಶಾಲೆಯಲ್ಲಿದ್ದಾಗ, ಉಮದಿಯ ಭಾವೂಸಾಹೇಬ ಮಹಾರಾಜರಿಂದ ನಾಮೋಪದೇಶ ಪಡೆದರು. ಭಾವೂಸಾಹೇಬರು ಬ್ರಾಹ್ಮಣರು, ಅವರ ಗುರು ನಿಂಬರಗಿ ಮಹಾರಾಜರು ಲಿಂಗಾಯತರು. ಈ ಇಂಚಗೇರಿ ಪರಂಪರೆಯಲ್ಲಿ ನಾಮಸ್ಮರಣೆಯ ನೇಮದ ಜೊತೆ ಸಮರ್ಥ ರಾಮದಾಸರ ದಾಸಬೋಧದ ಓದೂ ಇತ್ತು. ತೌಲನಿಕ ಅಧ್ಯಯನದ ಮೊದಲ ಪಾಠ ರಾನಡೆಯವರಿಗೆ ಸಿಕ್ಕಿದ್ದು ಇಲ್ಲೇ ಎಂದು ನಾನು ನಂಬುತ್ತೇನೆ.

ಮುಂದೆ ಪುಣೆ, ಗ್ರೀಕ್ ತತ್ವಶಾಸ್ತ್ರದ ಗೀಳು. ಉಪನಿಷತ್ತುಗಳ ಕುರಿತ 1926ರ ಗ್ರಂಥದಲ್ಲಿ ಋಷಿಗಳ ಪಕ್ಕಕ್ಕೇ ಗ್ರೀಕ್ ಚಿಂತಕರನ್ನು ಕೂರಿಸಿದರು. ಎಸ್. ಕೆ. ಬೆಳ್ವಲಕರರ ಜೊತೆ ಭಾರತೀಯ ತತ್ವಶಾಸ್ತ್ರದ ಇತಿಹಾಸವನ್ನು 16 ಸಂಪುಟಗಳಲ್ಲಿ ತರಲು ಯೋಜಿಸಿದರು, ಹೊರಬಂದದ್ದು ಎರಡೇ. ಅಷ್ಟು ದೊಡ್ಡ ನಕ್ಷೆ ಪೂರ್ತಿಯಾಗದ್ದು ನಮ್ಮೆಲ್ಲರ ನಷ್ಟ. 1927ರಿಂದ ಅಲಹಾಬಾದಿನಲ್ಲಿ ಪಾಠ ಹೇಳಿದರು.

ಅವರ ಜೋಡಣೆ ಮಾಗಿದ್ದು ಕೊನೆಯ ಕೃತಿಗಳಲ್ಲಿ. ಹಿಂದಿ ಸಂತರ ಕುರಿತ 1954ರ ಗ್ರಂಥದಲ್ಲಿ ಕಬೀರ, ತುಳಸಿ, ಸೂರದಾಸರಿಗೆ ಪ್ರತ್ಯೇಕ ಅಧ್ಯಾಯಗಳಿಲ್ಲ. ಸಾಧನೆಗೆ ಪ್ರೇರಣೆ, ನೈತಿಕ ಸಿದ್ಧತೆ, ಪಯಣದ ಆರಂಭ, ಆರೋಹಣ ಹೀಗೆ ಹಂತಗಳಿವೆ; ಆಯಾ ಹಂತಕ್ಕೆ ಒದಗುವ ಪದ ಯಾರದ್ದಾದರೂ ಅಲ್ಲಿಗೆ ಬರುತ್ತದೆ. 1957ರಲ್ಲಿ ನಿಂಬಾಳದಲ್ಲಿ ಅವರು ತೀರಿಕೊಂಡ ಮೇಲೆ, 1960ರಲ್ಲಿ ಕನ್ನಡ ಸಾಹಿತ್ಯದ ಕುರಿತ ಗ್ರಂಥ ಬಂತು. ಪಂಥದ ಗೋಡೆ ಹಾರಿ ಅನುಭಾವವನ್ನೇ ಹಿಡಿಯುವ ಈ ಕ್ರಮ ವಿದ್ಯಾರ್ಥಿಯನ್ನು ನೇರ ವಚನದ, ಕೀರ್ತನೆಯ ಒಳಗಿಳಿಸುತ್ತದೆ.

ಆದರೆ ಈ ಸೋಪಾನದ ತುದಿಯಲ್ಲಿ ದೇವರಿದ್ದಾನೆ. ಹಾಗಾದರೆ ಮುಧೋಳದ ಜೈನ ಕವಿ ರನ್ನನನ್ನು ಎಲ್ಲಿ ನಿಲ್ಲಿಸುವುದು? ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅವನು ಬರೆದ ಅಜಿತಪುರಾಣ ಜೈನ ತೀರ್ಥಂಕರನ ಕಥೆ; ಆ ದರ್ಶನದಲ್ಲಿ ಸೃಷ್ಟಿಕರ್ತ ದೇವರಿಲ್ಲ, ಜೀವ ತನ್ನ ಕರ್ಮವನ್ನು ತಾನೇ ಕಳೆದುಕೊಳ್ಳಬೇಕು. ಈ ಎರಡು ದಾರಿಗಳೂ ನಮ್ಮಲ್ಲಿ ಅಕ್ಕಪಕ್ಕದಲ್ಲೇ ಇವೆ: ತೇರದಾಳದಲ್ಲಂತೂ ನೇಮಿನಾಥ ಬಸದಿಯೂ ಅಲ್ಲಮಪ್ರಭುವಿನ ಗುಡಿಯೂ ಒಂದೇ ಊರಿನಲ್ಲಿವೆ. ನಮ್ಮ ಭಾಗದ ಕಾಲೇಜಿನಲ್ಲಿ ಧರ್ಮಗಳ ತೌಲನಿಕ ಅಧ್ಯಯನದ ಪಾಠ ಶುರುವಾದರೆ ರಾನಡೆಯವರ ಹಂತಗಳನ್ನೂ ಅಜಿತಪುರಾಣವನ್ನೂ ಒಂದೇ ವಾರದಲ್ಲಿ ಓದಿಸಲಿ, ವಿದ್ಯಾರ್ಥಿಗಳು ಅಲ್ಲೇ ವಾದಕ್ಕಿಳಿಯಲಿ.