ಹೆಬ್ಬೆಟ್ಟಿನ ಗುರುತು ಮತ್ತು ಬ್ಯಾಂಕ್ ಖಾತೆಯ ರಕ್ಷಣೆ

ಕೊಡಗಿನಲ್ಲಿ ರೊಬಸ್ಟಾ ಕಾಫಿ ಕಣಕ್ಕೆ ಬರುವ ಜನವರಿಯಿಂದ ಮೊದಲ್ಗೊಂಡು ಕರಿಮೆಣಸು ಮಾರಾಟವಾಗುವ ಏಪ್ರಿಲ್‌ವರೆಗೆ ಬೆಳೆಗಾರರ ಬ್ಯಾಂಕ್ ಖಾತೆಗಳಲ್ಲಿ ವರ್ಷದ ಹಣವೆಲ್ಲ ಸೇರಿರುತ್ತದೆ. ಗೊಬ್ಬರ, ಕೂಲಿ, ಸಾಲದ ಕಂತು, ಮಕ್ಕಳ ಓದು ಎಲ್ಲವೂ ಈ ಹಣದಿಂದಲೇ ನಡೆಯಬೇಕು. ಫೋನಿಗೆ ಬರುವ ಒ.ಟಿ.ಪಿ. ಸಂಖ್ಯೆಯನ್ನು ಯಾರಿಗೂ ಹೇಳಬಾರದೆಂಬ ತಿಳುವಳಿಕೆ ಈಗ ಬಹುಪಾಲು ರೈತರಲ್ಲಿದೆ. ಆದರೆ ಒ.ಟಿ.ಪಿ. ಕೇಳದೆ, ಫೋನ್ ಮಾಡದೆ, ಕೇವಲ ಹೆಬ್ಬೆಟ್ಟಿನ ನಕಲಿನಿಂದ ಹಣ ತೆಗೆಯುವ ವಿಧಾನವೂ ಒಂದಿದೆ. ಜಮೀನು ಉಳ್ಳವರು ಇದನ್ನು ವಿಶೇಷವಾಗಿ ತಿಳಿದಿರಬೇಕು.

2023ರಲ್ಲಿ ಬೆಂಗಳೂರು, ಮಂಗಳೂರು ಮುಂತಾದ ಕಡೆ ಹಲವರ ಖಾತೆಗಳಿಂದ ಹೀಗೆ ಹಣ ಹೋಯಿತು. ಹಣ ಕಳೆದುಕೊಂಡವರಲ್ಲಿ ಅನೇಕರು ಸ್ವಲ್ಪ ಮೊದಲು ಆಸ್ತಿ ನೋಂದಣಿ ಮಾಡಿಸಿದ್ದರು. ನೋಂದಾಯಿತ ಪತ್ರಗಳ ಪ್ರತಿಗಳನ್ನು ಕಾವೇರಿ ಜಾಲತಾಣದಿಂದ ಪಡೆದು, ಅದರಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಬೆರಳಚ್ಚುಗಳನ್ನು ದುರುಪಯೋಗ ಮಾಡಿಕೊಂಡಿದ್ದು ಪೊಲೀಸ್ ತನಿಖೆಯಿಂದ ತಿಳಿದುಬಂತು. ಅದೇ ವರ್ಷ ಮಂಗಳೂರು ಪೊಲೀಸರು ಬಿಹಾರದ ಮೂವರನ್ನು ಬಂಧಿಸಿದರು. ಬಳಿಕ ಕಂದಾಯ ಇಲಾಖೆಯು ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮ ಕೈಗೊಂಡಿತು. ಆದರೆ ಅದಕ್ಕೆ ಮೊದಲೇ ಹೊರಗೆ ಹೋದ ಪ್ರತಿಗಳನ್ನು ಹಿಂದಕ್ಕೆ ತರಲಾಗದು. ಪಾಸ್‌ವರ್ಡನ್ನು ಬದಲಾಯಿಸಬಹುದು, ಹೆಬ್ಬೆರಳನ್ನು ಬದಲಾಯಿಸಲಾಗುವುದಿಲ್ಲ.

ಕೊಡಗಿಗೆ ಈ ವಿಷಯ ಹೆಚ್ಚು ಅನ್ವಯಿಸುತ್ತದೆ. ಇಲ್ಲಿ ಒಕ್ಕದ ಜಮೀನಿನ ವಿಭಾಗಪತ್ರವೆಂದರೆ ಅಣ್ಣತಮ್ಮಂದಿರು, ದಾಯಾದಿಗಳು, ಸೈನ್ಯದಲ್ಲಿರುವವರು, ಬೆಂಗಳೂರಿನಲ್ಲಿ ನೆಲೆಸಿದವರು ಎಲ್ಲರೂ ಸೇರಿ ಮಾಡುವ ಕೆಲಸ. ಒಂದೇ ಪತ್ರದಲ್ಲಿ ಹತ್ತಾರು ಜನರ ಗುರುತು ಇರುತ್ತದೆ. ಅದರ ಜೆರಾಕ್ಸ್ ಪ್ರತಿಗಳು ಎಷ್ಟು ಕೈ ದಾಟಿವೆಯೆಂದು ಮನೆಯ ಹಿರಿಯರಿಗೂ ಲೆಕ್ಕ ಸಿಕ್ಕದು.

ಈ ಮೋಸ ನಡೆಯುವುದು ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ. ಹಳ್ಳಿಯ ಬ್ಯಾಂಕ್ ಮಿತ್ರರ ಬಳಿ ಇರುವ ಚಿಕ್ಕ ಯಂತ್ರದಲ್ಲಿ ಆಧಾರ್ ಸಂಖ್ಯೆ ಮತ್ತು ಬ್ಯಾಂಕಿನ ಹೆಸರು ಕೊಟ್ಟು ಬೆರಳು ಒತ್ತಿದರೆ ಹಣ ದೊರೆಯುತ್ತದೆ. ಕಾರ್ಡು ಬೇಡ, ಪಿನ್ ಬೇಡ. ಪೇಟೆ ದೂರವಿರುವ ಊರುಗಳ ವೃದ್ಧರಿಗೆ ಇದರಿಂದ ಆಗಿರುವ ಉಪಕಾರ ಸಣ್ಣದಲ್ಲ. ವ್ಯವಸ್ಥೆಯನ್ನೇ ದೂರುವುದು ಸರಿಯಲ್ಲ. ಕಾಗದದ ಮೇಲಿನ ಅಚ್ಚಿನಿಂದ ರಬ್ಬರಿನಂತಹ ವಸ್ತುವಿನ ನಕಲಿ ಬೆರಳು ತಯಾರಿಸಿದವನು ಎಲ್ಲೋ ದೂರದ ರಾಜ್ಯದಲ್ಲಿ ಕುಳಿತು ಇದೇ ಸೌಲಭ್ಯವನ್ನು ಬಳಸುತ್ತಾನೆ. ಒಂದು ಸಲಕ್ಕೆ ತೆಗೆಯಬಹುದಾದ ಮೊತ್ತಕ್ಕೆ ಮಿತಿ ಇರುವುದರಿಂದ ಹಣ ಕಂತುಕಂತಾಗಿ ಹೋಗುತ್ತದೆ.

ಬಿಳಿ ಕಾಂಡಕೊರಕದ ಹುಳು ಕಾಂಡದೊಳಗೆ ಸೇರಿದ ಮೇಲೆ ಔಷಧಿ ಸಿಂಪಡಿಸಿ ಫಲವಿಲ್ಲ. ದುಂಬಿ ಮೊಟ್ಟೆಯಿಡುವ ಮೊದಲೇ ಕಾಂಡವನ್ನು ಉಜ್ಜಿ ಸಿದ್ಧಪಡಿಸಬೇಕಾಗುತ್ತದೆ. ಇಲ್ಲಿಯೂ ಹಾಗೆಯೇ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಅದರ ಮೊಬೈಲ್ ಆಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ. ಇದಕ್ಕೆ ಶುಲ್ಕವಿಲ್ಲ. ಆಧಾರ್‌ಗೆ ನೋಂದಾಯಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕು. ಸಂಖ್ಯೆ ಬದಲಾಗಿದ್ದರೆ ಮೊದಲು ಆಧಾರ್ ಸೇವಾ ಕೇಂದ್ರದಲ್ಲಿ ಅದನ್ನು ಸರಿಪಡಿಸಿಕೊಳ್ಳಬೇಕು. ಬೀಗ ಹಾಕಿದ ಮೇಲೆ ಬೆರಳಿನ ಜೊತೆಗೆ ಕಣ್ಣು ಮತ್ತು ಮುಖದ ಗುರುತೂ ಸ್ವೀಕೃತವಾಗುವುದಿಲ್ಲ, ಒ.ಟಿ.ಪಿ. ಮಾತ್ರ ಕೆಲಸ ಮಾಡುತ್ತದೆ. ಆದ್ದರಿಂದ ಪಡಿತರ ಅಂಗಡಿಗೆ ಅಥವಾ ನೋಂದಣಿ ಕಚೇರಿಗೆ ಹೋಗುವ ದಿನ ತಾತ್ಕಾಲಿಕವಾಗಿ ಬೀಗ ತೆರೆಯಬೇಕಾಗುತ್ತದೆ. ತೋಟದ ಮನೆಗಳಲ್ಲಿ ನೆಟ್‌ವರ್ಕ್ ದೊರೆಯದಿರುವುದು ಕೊಡಗಿನಲ್ಲಿ ಹೊಸ ಮಾತಲ್ಲ. ಬೀಗ ತೆರೆಯುವ ಕೆಲಸವನ್ನು ಸಿಗ್ನಲ್ ಇರುವ ಕಡೆ ಮುಗಿಸಿಕೊಂಡೇ ಹೋಗುವುದು ಸೂಕ್ತ. ಇದರ ವಿವರ 1947 ಸಂಖ್ಯೆಯಲ್ಲಿ ದೊರೆಯುತ್ತದೆ.

ಪಿ.ಎಂ. ಕಿಸಾನ್ ಮೊದಲಾದ ನೆರವಿನ ಹಣ ಬರುವ ಖಾತೆಯಲ್ಲಿಯೇ ಕಾಫಿ ಮಾರಿದ ಹಣವನ್ನು ಇಡದಿರುವುದು ಲೇಸು. ಬೇರೆ ಖಾತೆಯಲ್ಲಿಟ್ಟು, ಆ ಖಾತೆಯಿಂದ ಬೆರಳಚ್ಚಿನ ಮೂಲಕ ಹಣ ಕೊಡಬಾರದೆಂದು ಬ್ಯಾಂಕಿನ ವ್ಯವಸ್ಥಾಪಕರಿಗೆ ಬರವಣಿಗೆಯಲ್ಲಿ ಕೋರಬಹುದು.

ಇಷ್ಟಾದರೂ ಹಣ ಹೋದರೆ ತಡಮಾಡಬಾರದು. 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಟ್ಟರೆ, ಹಣ ಇನ್ನೂ ಮೋಸಗಾರನ ಖಾತೆಯಲ್ಲಿ ಇರುವಾಗಲೇ ಅದನ್ನು ತಡೆಹಿಡಿಯುವ ಸಾಧ್ಯತೆಯಿದೆ. ಜೊತೆಗೆ ಬ್ಯಾಂಕಿಗೂ ಬರೆದು ತಿಳಿಸಿ ಸ್ವೀಕೃತಿ ಪಡೆಯಬೇಕು. ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕನ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಹಣ ಹೋದಾಗ, ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ಗ್ರಾಹಕನದಲ್ಲ. ಈ ದಿನಗಳನ್ನು ಎಣಿಸುವುದು ಬ್ಯಾಂಕಿನ ಸಂದೇಶ ತಲುಪಿದ ದಿನವನ್ನು ಬಿಟ್ಟು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು, ಟವರು ಎರಡೂ ಇಲ್ಲದ ಊರುಗಳವರು ಇದನ್ನು ನೆನಪಿಡಬೇಕು. ಇಂತಹ ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಗೊತ್ತಾದ ದಿನವೇ ತಿಳಿಸುವುದು ಎಲ್ಲಕ್ಕಿಂತ ಕ್ಷೇಮ.

ಫೋನಿನ ಬಗ್ಗೆ ಒಂದು ಮಾತು. ಪಿ.ಎಂ. ಕಿಸಾನ್ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ಎ.ಪಿ.ಕೆ. ಕಡತವನ್ನು, ಪರಿಚಯದವರೇ ಕಳುಹಿಸಿದ್ದರೂ, ತೆರೆಯಬಾರದು. ಅದು ಫೋನಿನಲ್ಲಿ ಸೇರಿದರೆ ಒ.ಟಿ.ಪಿ. ಸಂದೇಶಗಳನ್ನು ಕದ್ದು ಓದುತ್ತದೆ ಮತ್ತು ಅದೇ ಕಡತವನ್ನು ಮಾಲೀಕನ ಹೆಸರಿನಲ್ಲಿ ಇತರರಿಗೂ ಕಳುಹಿಸುತ್ತದೆ. ತಿಳಿಯದೆ ತೆರೆದಿದ್ದರೆ ಕೂಡಲೇ ಇಂಟರ್ನೆಟ್ ಆರಿಸಿ, ಬೇರೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಬೇಕು. ಯೋಜನೆಯ ನಿಜವಾದ ಕೆಲಸಗಳಿಗೆ ರೈತ ಸಂಪರ್ಕ ಕೇಂದ್ರವಿದೆ.

ಲೈನ್‌ಮನೆಗಳಲ್ಲಿರುವ ಕಾರ್ಮಿಕರು ಈ ಮೋಸಕ್ಕೆ ಬೇಗ ಸಿಕ್ಕುತ್ತಾರೆ. “ಸರ್ವರ್ ಇಲ್ಲ, ಇನ್ನೊಮ್ಮೆ ಒತ್ತಿ” ಎಂದು ಎರಡು ಸಲ ಬೆರಳು ಒತ್ತಿಸಿಕೊಂಡು, ಎರಡು ಸಲ ಹಣ ತೆಗೆದು, ಒಂದೇ ಸಲದ್ದನ್ನು ಕೈಗೆ ಕೊಡುವವರೂ ಇದ್ದಾರೆ. ಪ್ರತಿ ಸಲವೂ ರಸೀದಿ ಕೇಳುವಂತೆ, ವಾರಕ್ಕೊಮ್ಮೆ ಪಾಸ್‌ಬುಕ್ ತುಂಬಿಸುವಂತೆ ಅವರಿಗೆ ತಿಳಿಸುವುದು ತೋಟದ ಮಾಲೀಕರ ಕೆಲಸ. ವಿಸ್ತರಣಾ ಕಾರ್ಯಕರ್ತರು ಸಹ ಸಭೆಗಳಲ್ಲಿ ಸಂಗ್ರಹಿಸುವ ಆಧಾರ್ ಪ್ರತಿಗಳಲ್ಲಿ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮಾದರಿಯನ್ನೇ ಪಡೆಯಬೇಕು, ಕೆಲಸ ಮುಗಿದ ಪ್ರತಿಗಳನ್ನು ರದ್ದಿಗೆ ಹಾಕದೆ ಹರಿದು ಸುಡಬೇಕು.