ಹುಬ್ಬಳ್ಳಿ ರೈಲಿನಲ್ಲಿ ಬಂದ ಪ್ಲೇಗು, ಜಯನಗರದ ಸೈಟು

1898ರ ಆಗಸ್ಟ್ ತಿಂಗಳು. ರೈಲ್ವೆ ಅಧಿಕಾರಿಯೊಬ್ಬರ ಬಟ್ಲರ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದಿಳಿದ. ಅವನಲ್ಲಿ ಪ್ಲೇಗು ಕಾಣಿಸಿಕೊಂಡಿತು. ಬೆಂಗಳೂರಿನ ಪ್ಲೇಗಿನ ಕಥೆಯನ್ನು ಬರೆದವರೆಲ್ಲ ಶುರುಮಾಡುವುದು ಈ ಹೆಸರಿಲ್ಲದ ಬಟ್ಲರ್‌ನಿಂದಲೇ. 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ರೋಗ ಹಳಿಗುಂಟ ದಕ್ಷಿಣಕ್ಕೆ ಇಳಿಯುತ್ತ ಹುಬ್ಬಳ್ಳಿ ಮುಟ್ಟಿತ್ತು. ಅಲ್ಲಿಂದ ಹಾವೇರಿ, ರಾಣೆಬೆನ್ನೂರು, ಹರಿಹರ ದಾಟಿ ಮೈಸೂರು ಸಂಸ್ಥಾನವನ್ನು ಹೊಕ್ಕಿತು.

ಇವತ್ತು ಹಾನಗಲ್ಲ ತಾಲ್ಲೂಕಿನ ನಮ್ಮ ತಿಳವಳ್ಳಿಯ ಯಾವುದಾದರೂ ಪಡಸಾಲೆಯಲ್ಲಿ ಕೂತರೆ ಪ್ಲಾಟಿನ ಮಾತು ಬಾರದೆ ಇರುವುದಿಲ್ಲ. ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ, ಮೊಮ್ಮಕ್ಕಳ ಶಾಲೆ ಆಗಬೇಕು. ಹುಬ್ಬಳ್ಳಿಯ ವಿದ್ಯಾನಗರವೋ ಕೇಶ್ವಾಪುರವೋ, ಧಾರವಾಡದ ಸಪ್ತಾಪುರವೋ, ಧೈರ್ಯ ಇದ್ದವರಿಗೆ ಬೆಂಗಳೂರಿನ ಜಯನಗರವೋ. 'ಚಲೋ ಏರಿಯಾದಾಗ ಒಂದು ಮನಿ' ಎನ್ನುವುದು ಈ ತಾಲ್ಲೂಕಿನ ಎಷ್ಟೋ ಕುಟುಂಬಗಳ ಆಸೆ. ಆ 'ಚಲೋ ಏರಿಯಾ' ಹೇಗೆ ಚಲೋ ಆಯಿತು? ಅದನ್ನು ಹುಡುಕುತ್ತ ಹೋದರೆ ನಮ್ಮ ಭಾಗದ ಹಳಿಗಳ ಮೇಲೆ ಹಾದುಹೋದ ಆ ರೈಲಿನವರೆಗೂ ಹೋಗಬೇಕಾಗುತ್ತದೆ.

ಆಗ ತಿಳವಳ್ಳಿ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಪ್ಲೇಗು ಬಂದಾಗ ನಮ್ಮ ಕಡೆಯ ಹಳ್ಳಿಗಳಿಗೆ ಗೊತ್ತಿದ್ದ ಮದ್ದು ಒಂದೇ. ಇಲಿ ಬಿದ್ದವು ಎಂದರೆ ಊರು ಬಿಡಬೇಕು. ಕಾಳು ತುಂಬಿದ ಹಗೇವು, ಒಂದಕ್ಕೊಂದು ಅಂಟಿಕೊಂಡ ಮಣ್ಣಿನ ಗೋಡೆ, ಬೆಳಕಿಲ್ಲದ ಅಡುಗೆಮನೆ, ಎಲ್ಲವನ್ನೂ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಇಲಿಯ ಮೈಮೇಲಿನ ಚಿಗಟ ರೋಗ ಹರಡುತ್ತದೆಂದು ವಿಜ್ಞಾನಿಗಳು ಖಚಿತಪಡಿಸಿಕೊಳ್ಳುವ ಮೊದಲೇ ರೈತರು ಇಷ್ಟನ್ನು ಕಂಡುಕೊಂಡಿದ್ದರು: ಒತ್ತಾದ ಊರಿನಲ್ಲಿ ಸಾವು, ಬಯಲಿನಲ್ಲಿ ಬದುಕು.

ಹಳ್ಳಿಯವರು ತಾತ್ಕಾಲಿಕವಾಗಿ ಮಾಡಿದ್ದನ್ನು ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಶಾಶ್ವತವಾಗಿ ಮಾಡಿತು. ಬಳೇಪೇಟೆ, ಚಿಕ್ಕಪೇಟೆ, ನಗರ್ತಪೇಟೆಗಳಲ್ಲಿ ಮನೆಯೂ ಅಂಗಡಿಯೂ ದವಸದ ಕೋಠಿಯೂ ಒಂದೇ ಸೂರಿನಡಿ ಇದ್ದವು. ಕೆಂಪೇಗೌಡರ ಕಾಲದ ಬೀದಿಗಳಲ್ಲಿ ಜನ ಒತ್ತೊತ್ತಾಗಿ ತುಂಬಿಕೊಂಡಿದ್ದರು. ಪೇಟೆ ಬಿಟ್ಟು ಆಚೆ ಹೊಸ ಬಡಾವಣೆ ಮಾಡಬೇಕೆಂಬ ಯೋಚನೆ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಆಗಲೇ ಹುಟ್ಟಿತ್ತು. 1892ರಲ್ಲಿ ಚಾಮರಾಜಪೇಟೆ ಆಗಿತ್ತು. 1896ರ ಹೊತ್ತಿಗೆ ಹೆಸರಘಟ್ಟದ ನೀರು ಕೊಳವೆಯಲ್ಲಿ ಊರಿಗೆ ಬಂದಿತ್ತು. ಬಸವನಗುಡಿ, ಮಲ್ಲೇಶ್ವರಗಳ ನಕ್ಷೆಯೂ ತಯಾರಾಗಿತ್ತು. ಆದರೆ ಹುಟ್ಟಿ ಬೆಳೆದ ಪೇಟೆಯನ್ನು ಬಿಟ್ಟು ಬಸವನ ಗುಡ್ಡದ ಬಳಿಯ ಬಯಲಿಗೆ ಹೋಗಿರಿ ಎಂದರೆ ಯಾರು ಹೋಗುತ್ತಾರೆ? ಹೋಗುವಂತೆ ಮಾಡಿದ್ದು ಪ್ಲೇಗು. ಪ್ಲೇಗ್ ಕಮಿಷನರ್ ಆಗಿದ್ದ ವಿ.ಪಿ. ಮಾಧವರಾವ್ ಸೋಂಕು ಬಿದ್ದ ಮನೆಗಳನ್ನು ತೆರವು ಮಾಡಿಸಿದರು. ಜನ ಅನಿವಾರ್ಯವಾಗಿ ಹೊಸ ಬಡಾವಣೆಗಳ ಕಡೆ ಮುಖ ಮಾಡಿದರು. ದಂಡಿನ (ಕಂಟೋನ್ಮೆಂಟಿನ) ಭಾಗದಲ್ಲಿ ಕೆಲವೇ ವರ್ಷಗಳ ನಂತರ ಹುಟ್ಟಿದ ಫ್ರೇಜರ್ ಟೌನಿಗೂ ಪ್ಲೇಗಿನ ಭಯವೇ ತಳಹದಿ. 1898ರಲ್ಲಿಯೇ ಮುಂಬೈಯಲ್ಲಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಯಾಯಿತು. ದಾದರ್, ಮಾಟುಂಗಾಗಳ ಅಗಲ ಬೀದಿಗಳನ್ನು ಹಾಕಿದ್ದು ಅದೇ ಟ್ರಸ್ಟ್. ಮುಂದಿನ ಕೆಲವು ವರ್ಷಗಳಲ್ಲಿ ಮೈಸೂರು ನಗರಕ್ಕೂ ಅಂಥದೇ ಮಂಡಳಿ ಬಂದಿತು.

ಬಸವನಗುಡಿಯ ಹಳೆಯ ರಸ್ತೆಗಳಲ್ಲಿ ಒಮ್ಮೆ ನಿಧಾನವಾಗಿ ನಡೆದು ನೋಡಬೇಕು. ಮನೆಯ ಮುಂದೆ ಅಗಲವಾದ ರಸ್ತೆ, ಕಾಂಪೌಂಡಿನೊಳಗೆ ಎರಡು ತೆಂಗು, ಒಂದು ಮಾವು, ದಾಸವಾಳ, ತುಳಸಿಕಟ್ಟೆ. ಗಾಳಿ ಆಡಲೆಂದು ಗೋಡೆಗೂ ಗೋಡೆಗೂ ನಡುವೆ ಜಾಗ. ಗುಡಿಯನ್ನು ಹೊಸದಾಗಿ ಕಟ್ಟಲಿಲ್ಲ. ಊರಾಚೆ ಕಾಡಿನಲ್ಲಿದ್ದ ದೊಡ್ಡ ಬಸವಣ್ಣನ ಗುಡಿ ಒಂದು ಬಡಾವಣೆಯ ನಡುಮನೆಯಾಯಿತು, ಕಾಡು ಮಲ್ಲೇಶ್ವರ ಇನ್ನೊಂದರದು. ಶಾಲೆ, ಮಾರುಕಟ್ಟೆ, ಉದ್ಯಾನ, ಗ್ರಂಥಾಲಯ ನಡೆದು ಹೋಗುವಷ್ಟು ಹತ್ತಿರ ಬಂದವು. 1917ರಲ್ಲಿ ನ್ಯಾಷನಲ್ ಹೈಸ್ಕೂಲು, 1945ರಲ್ಲಿ ಡಿ.ವಿ.ಜಿ.ಯವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಪಕ್ಕದ ಗವಿಪುರದಲ್ಲಿ ಮಾಸ್ತಿಯವರ ಮನೆ. ಮಕ್ಕಳು ನಡೆದು ಶಾಲೆಗೆ ಹೋಗಿ, ಮುದುಕರು ನಡೆದು ಉಪನ್ಯಾಸ ಕೇಳಿ ಬರುವ ಊರನ್ನು ಈ ನಕ್ಷೆ ಕೊಟ್ಟಿತು.

ಅದೇ ಮನೆಗಳ ಹಿಂದಕ್ಕೆ ಹೋದರೆ ಒಂದು ಸಣ್ಣ ಓಣಿ ಸಿಗುತ್ತದೆ. ಅದನ್ನು ಕನ್ಸರ್ವೆನ್ಸಿ ಲೇನ್ ಎಂದು ಕರೆಯುತ್ತಾರೆ. ಕೆಲವು ಕಡೆ ಈಗ ಕಸ, ಕೆಲವು ಕಡೆ ಬೈಕು, ಕೆಲವು ಕಡೆ ಒತ್ತುವರಿ. ಮಲ ಹೊರುವವರು ಮುಂದಿನ ರಸ್ತೆಯಲ್ಲಿ ಕಾಣಿಸಬಾರದೆಂದು ಬಿಟ್ಟ ದಾರಿ ಅದು. ಮನೆಯ ಹಿತ್ತಲ ಗೋಡೆಯ ಕೆಳಗಿನ ಸಣ್ಣ ಬಾಗಿಲು ತೆರೆದು, ಗುಂಡಿ ಬಳಿದು, ತಲೆಯ ಮೇಲೆ ಹೊತ್ತು ಅವರು ಆ ಓಣಿಯಲ್ಲೇ ಹೋಗಬೇಕಿತ್ತು. ನಿವೇಶನಗಳನ್ನು ಹಂಚಿದ್ದು ಕೂಡ ಜಾತಿ ಜಾತಿಗೆ ಬೇರೆ ಬೇರೆ ಭಾಗ ಮಾಡಿ. ನಮ್ಮ ಮಾದರಿ ಬಡಾವಣೆಯ ನಕ್ಷೆಯಲ್ಲಿ ಗಾಳಿ ಬೆಳಕಿನ ಜೊತೆಗೇ ಈ ಅನ್ಯಾಯವನ್ನೂ ಗೆರೆ ಎಳೆದು ಬರೆದಿದ್ದರು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆದೇಶ ಮಾಡಿದರು. ಬಸವನಗುಡಿಯನ್ನು ಹೊಗಳುವ ಬರಹಗಳಲ್ಲಿ ಈ ಓಣಿ ಸಾಮಾನ್ಯವಾಗಿ ಬರುವುದಿಲ್ಲ, ಬರಬೇಕು.

ಬೆಂಗಳೂರಿನ ಬಡಾವಣೆಗಳ ಎರಡನೆಯ ಘಟ್ಟ ಸ್ವಾತಂತ್ರ್ಯದ ಹೊತ್ತಿನದು. 1945ರಲ್ಲಿ ಬೆಂಗಳೂರು ನಗರ ಸುಧಾರಣಾ ಕಾನೂನು ಬಂದು ವಿಶ್ವಸ್ತ ಮಂಡಳಿಯೊಂದು ಏರ್ಪಟ್ಟಿತು. 1948ರಲ್ಲಿ ಗವರ್ನರ್ ಜನರಲ್ ರಾಜಾಜಿ ಜಯನಗರಕ್ಕೆ ಶಂಕುಸ್ಥಾಪನೆ ಮಾಡಿದರು. ಅಲ್ಲಿನ ಅಶೋಕ ಸ್ತಂಭ ಆ ಕಾಲದ ಗುರುತು. ಹೆಸರು ಬಂದದ್ದು ಜಯಚಾಮರಾಜೇಂದ್ರ ಒಡೆಯರಿಂದ. ಮರುವರ್ಷವೇ ಪಶ್ಚಿಮದಲ್ಲಿ ರಾಜಾಜಿನಗರಕ್ಕೆ ಕಲ್ಲು ಬಿದ್ದಿತು. ಜಯನಗರ ಎದ್ದದ್ದು ಖಾಲಿ ಬಯಲಲ್ಲೇನೂ ಅಲ್ಲ. ಸಿದ್ದಾಪುರ, ಭೈರಸಂದ್ರ, ಯಡಿಯೂರು, ಕನಕನಪಾಳ್ಯದ ಸುತ್ತಿನ ಹೊಲ ತೋಟಗಳ ಮೇಲೆ ಅದು ಹರಡಿಕೊಂಡಿತು. ಆ ಹಳ್ಳಿಗಳ ಹೆಸರು ಈಗ ಬಸ್ಸಿನ ಫಲಕದಲ್ಲಿ, ಕೆರೆಯ ಹೆಸರಿನಲ್ಲಿ ಮಾತ್ರ ಉಳಿದಿವೆ.

ಜಯನಗರದ ಬ್ಲಾಕುಗಳ ಹಿಂದೆ ಒಂದು ಗಟ್ಟಿ ವಿಚಾರವಿತ್ತು. ಪ್ರತಿ ಭಾಗಕ್ಕೂ ಉದ್ಯಾನ, ಆಟದ ಬಯಲು, ಶಾಲೆ, ಅಂಗಡಿ ಸಾಲು ಇರಬೇಕು, ಮನೆಯಾಕೆ ಸೊಪ್ಪು ತರಲು ಬಸ್ಸು ಹತ್ತಬಾರದು. ನಾಲ್ಕನೇ ಬ್ಲಾಕಿನ ಮಾರುಕಟ್ಟೆ ಸಂಕೀರ್ಣ, ಮಾಧವನ್ ಪಾರ್ಕು, ಶಾಲಿನಿ ಮೈದಾನ ಎಲ್ಲ ಅದೇ ವಿಚಾರದ ಫಲ. ಮಂಡಳಿಯೇ ಜಮೀನು ಕೊಂಡು, ರಸ್ತೆ ಹಾಕಿ, ಗೊತ್ತುಮಾಡಿದ ಬೆಲೆಗೆ ನಿವೇಶನ ಹಂಚುತ್ತಿತ್ತು. ಹಾಗಾಗಿ ಮೊದಲ ತಲೆಮಾರಿನಲ್ಲಿ ಅಲ್ಲಿ ಮನೆ ಕಟ್ಟಿದವರಲ್ಲಿ ಗುಮಾಸ್ತರು, ಮೇಷ್ಟರು, ಬ್ಯಾಂಕು-ಕಾರ್ಖಾನೆಗಳ ನೌಕರರು ಬಹಳ ಮಂದಿ. ಮನೆ ಸಾಲಕ್ಕಾಗಿಯೇ ಇರುವ ದೊಡ್ಡ ಸಂಸ್ಥೆಗಳು ಇನ್ನೂ ಹುಟ್ಟಿರಲಿಲ್ಲ, ಎಚ್‌.ಡಿ.ಎಫ್‌.ಸಿ. ಬಂದದ್ದೇ 1977ರಲ್ಲಿ. ಭವಿಷ್ಯನಿಧಿ ತೆಗೆದು, ಹೆಂಡತಿಯ ಬಳೆ ಮಾರಿ, ಮೊದಲು ಎರಡು ಕೋಣೆ ಕಟ್ಟಿ, ಮೇಲಿನ ಮಹಡಿಯನ್ನು ಮಗನ ಕಾಲಕ್ಕೆ ಬಿಡುತ್ತಿದ್ದರು. ಇಂದು ಕೋಟಿಗಟ್ಟಲೆ ಬೆಲೆ ಬಾಳುವ 'ಶ್ರೀಮಂತ' ಜಯನಗರ ಹುಟ್ಟಿದ್ದು ಸಂಬಳದಾರರ ಬಡಾವಣೆಯಾಗಿ.

ಬೆಲೆ ಏರಿದ್ದಕ್ಕೆ ಕಾರಣವೂ ಅಲ್ಲಿಯೇ ಇದೆ. 30×40 ಅಡಿಯ ಸೈಟು ಎಂದರೆ 1,200 ಚದರ ಅಡಿ. ನಮ್ಮ ರೈತರ ಲೆಕ್ಕದಲ್ಲಿ ಒಂದು ಗುಂಟೆಗಿಂತ ಒಂದು ಕೋಣೆಯಷ್ಟು ಹೆಚ್ಚು, ಯಾಕೆಂದರೆ ಗುಂಟೆಗೆ 1,089 ಚದರ ಅಡಿ. ಊರಾಚೆ ಎಲ್ಲಾದರೂ ಅಷ್ಟೇ ನೆಲ ಅಗ್ಗಕ್ಕೆ ಸಿಗುತ್ತದೆ. ಜಯನಗರದಲ್ಲಿ ಜನ ದುಡ್ಡು ಕೊಡುವುದು ಆ ಒಂದು ಗುಂಟೆಗಿಂತ ಅದರ ಸುತ್ತ ಯಾರೂ ಮಾರದೆ ಉಳಿಸಿದ ಗುಂಟೆಗಳಿಗೆ. 1976ರಲ್ಲಿ ಮಂಡಳಿಯ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯ 16ನೇ ಕಲಂ ಇದನ್ನು ಲೆಕ್ಕವಾಗಿಯೇ ಬರೆದಿದೆ. ಬಡಾವಣೆಯ ನೆಲದಲ್ಲಿ ಶೇ 15ಕ್ಕೆ ಕಡಿಮೆಯಾಗದಂತೆ ಉದ್ಯಾನ ಮತ್ತು ಆಟದ ಮೈದಾನಕ್ಕೆ, ಅದಲ್ಲದೆ ಶೇ 10ಕ್ಕೆ ಕಡಿಮೆಯಾಗದಂತೆ ನಾಗರಿಕ ಸೌಕರ್ಯಕ್ಕೆ ಮೀಸಲಿಡಬೇಕು. ನಲವತ್ತು ಗುಂಟೆಯ ಒಂದು ಎಕರೆಯಲ್ಲಿ ಆರು ಗುಂಟೆ ಮಕ್ಕಳಿಗೆ, ಮರಗಳಿಗೆ. ನಾಲ್ಕು ಗುಂಟೆ ಶಾಲೆ, ಆಸ್ಪತ್ರೆಯಂಥ ಕೆಲಸಕ್ಕೆ. ರಸ್ತೆ ಬೇರೆ.

ಬರೆದಿಟ್ಟ ಮಾತ್ರಕ್ಕೆ ಜಾಗ ಉಳಿಯಲಿಲ್ಲ. ಅದನ್ನು ಕಾಯಲು ಜನ ನಿಲ್ಲಬೇಕಾಯಿತು. ಬೆಂಗಳೂರಿನ ಸದಾಶಿವನಗರ ಇಂದು ರಾಜ್ಯದ ಅತಿ ಪ್ರತಿಷ್ಠಿತ ಬಡಾವಣೆಗಳಲ್ಲಿ ಒಂದು. ಅಲ್ಲಿ ನಕ್ಷೆಯಲ್ಲಿ ಉದ್ಯಾನವೆಂದು ಗುರುತಿಸಿದ್ದ ಜಾಗವನ್ನು ಸರ್ಕಾರದ ಆದೇಶದಂತೆ ಖಾಸಗಿ ನರ್ಸಿಂಗ್ ಹೋಮಿಗೆ ಕೊಡಲಾಯಿತು. ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಉದ್ಯಾನಕ್ಕೆಂದು ಬಿಟ್ಟ ಜಾಗ ಸಾರ್ವಜನಿಕರದು, ಆಸ್ಪತ್ರೆ ಎಷ್ಟೇ ಬೇಕಾದ ಸಂಸ್ಥೆಯಾದರೂ ಆ ಜಾಗವನ್ನು ಖಾಸಗಿಯವರಿಗೆ ಕೊಡುವ ಅಧಿಕಾರ ಯಾರಿಗೂ ಇಲ್ಲ, ಅಲ್ಲಿ ವಾಸಿಸುವ ಯಾರಾದರೂ ಇದನ್ನು ಪ್ರಶ್ನಿಸಬಹುದು ಎಂಬುದು ತೀರ್ಪಿನ ತಿರುಳು. ಬಿ.ಎಸ್. ಮುದ್ದಪ್ಪ ಪ್ರಕರಣವೆಂದು ಪ್ರಸಿದ್ಧವಾದ ಇದನ್ನು ದೇಶದ ಎಲ್ಲೆಡೆ ಉದ್ಯಾನ ಉಳಿಸಲು ಹೋರಾಡುವವರು ಇಂದಿಗೂ ನೆನೆಯುತ್ತಾರೆ. ಸದಾಶಿವನಗರದವರ ಹಣಕ್ಕಿಂತ ಈ ಹಟ ನನಗೆ ದೊಡ್ಡದಾಗಿ ಕಾಣುತ್ತದೆ.

ಈಗ ನಮ್ಮ ಭಾಗಕ್ಕೆ ಬರೋಣ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಯಾವ ಪಟ್ಟಣದ ರಸ್ತೆ ಹಿಡಿದು ಹೊರಟರೂ ಗೋವಿನಜೋಳದ ಹೊಲದ ನಡುವೆ ಬಣ್ಣ ಬಳಿದ ಕಲ್ಲುಗಳು ಕಾಣುತ್ತವೆ. ಕಮಾನಿನ ಮೇಲೆ ಯಾವುದೋ ದೇವರ ಹೆಸರಿನ 'ನಗರ'. ಪ್ಲಾಟು ತೋರಿಸುವವರ ಜೊತೆಗಿನ ಮಾತು ಬಹುಮಟ್ಟಿಗೆ ಹೀಗಿರುತ್ತದೆ:

'ಗಾರ್ಡನ್ ಎಲ್ಲಿ ಬರ್ತೈತ್ರಿ?'

'ಅಲ್ಲಿ ಮೂಲ್ಯಾಗ ಐತಲ್ರಿ ಸಾಹೇಬ್ರ, ಮುಂದ ಮಾಡ್ತಾರ. ನೀವು ಮದ್ಲ ಬುಕ್ಕಿಂಗ್ ಮಾಡ್ರಿ, ಮುಂದಿನ ತಿಂಗಳ ರೇಟ್ ಏರ್ತೈತಿ.'

ಆ ಮೂಲೆ ಸಾಮಾನ್ಯವಾಗಿ ಹಳ್ಳದ ದಂಡೆ, ಇಲ್ಲವೇ ಹೈಟೆನ್ಷನ್ ತಂತಿಯ ಕೆಳಗಿನ ಪಟ್ಟಿ. ಕೊಳ್ಳುವವರು ಕೇಳುವುದು ಉತಾರ ಸರಿ ಇದೆಯೇ, ಎನ್‌.ಎ. (ಕೃಷಿಯೇತರ ಪರಿವರ್ತನೆ) ಆಗಿದೆಯೇ, ವಾಸ್ತು ಪ್ರಕಾರ ಪೂರ್ವಕ್ಕೆ ಬಾಗಿಲು ಬರುತ್ತದೆಯೇ ಎಂಬಿಷ್ಟನ್ನು. ಮೊದಲ ಎರಡು ಪ್ರಶ್ನೆ ಖಂಡಿತ ಬೇಕು. ಆದರೆ ಮಗು ಆಡುವುದೆಲ್ಲಿ, ಮಳೆನೀರು ಹರಿದು ಹೋಗುವುದೆಲ್ಲಿ, ಅಂಗನವಾಡಿ ಎಲ್ಲಿ ಎಂದು ಕೇಳುವವರು ಅಪರೂಪ. ಇಪ್ಪತ್ತು ವರ್ಷಕ್ಕೆ ಅಲ್ಲಿ ಮನೆಗಳು ತುಂಬುತ್ತವೆ, ಗೋಡೆಗೆ ಗೋಡೆ ತಾಗುತ್ತದೆ, ಗಟಾರಿಗೆ ಜಾಗವಿರುವುದಿಲ್ಲ. ಪ್ಲೇಗಿನ ಕಾಲದ ಪೇಟೆಯನ್ನೇ ನಾವು ಆರ್‌ಸಿಸಿಯಲ್ಲಿ ಮತ್ತೆ ಕಟ್ಟುತ್ತಿದ್ದೇವೆ. ಡೆಂಗಿ ಬಂದ ವರ್ಷ ಯಾವ ಓಣಿಯಲ್ಲಿ ಹೆಚ್ಚು ಮಂದಿ ಮಲಗಿದರೆಂದು ನೆನಪು ಮಾಡಿಕೊಂಡರೆ ನನ್ನ ಮಾತು ಅರ್ಥವಾದೀತು.

ಹುಬ್ಬಳ್ಳಿಯ ವಿದ್ಯಾನಗರಕ್ಕೆ ಇಷ್ಟು ಬೆಲೆ ಬಂದದ್ದು ಹೇಗೆ ಎಂದು ಕೇಳಿದರೂ ಉತ್ತರ ಹತ್ತಿರದ್ದೇ. 1947ರಲ್ಲಿ ಶುರುವಾದ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು, 1957ರ ವೈದ್ಯಕೀಯ ಕಾಲೇಜು ಅಲ್ಲಿ ದೊಡ್ಡ ಅಂಗಳಗಳನ್ನು ಹಿಡಿದು ಕೂತವು. ಮನೆಗಳು ಅವುಗಳ ಸುತ್ತ ಬೆಳೆದವು. ಸಾರ್ವಜನಿಕ ಸಂಸ್ಥೆ ಮೊದಲು, ಬೆಲೆ ನಂತರ.

ನಮ್ಮ ತಿಳವಳ್ಳಿಯಲ್ಲಿ ಸೇವುಣರ ಕಾಲದ, 13ನೇ ಶತಮಾನದ ಶಾಂತೇಶ್ವರ ದೇವಾಲಯವಿದೆ. ಊರು ದೊಡ್ಡದಾಗುತ್ತಿದೆ, ನಾಳೆ ಇನ್ನೂ ದೊಡ್ಡದಾಗುತ್ತದೆ. ಬೆಂಗಳೂರಿನಲ್ಲಿ ಹಳೆಯ ಗುಡಿಯ ಸುತ್ತ ಜಾಗ ಬಿಟ್ಟು ಬಡಾವಣೆ ಮಾಡಿದಂತೆ ಇಲ್ಲಿಯೂ ಮಾಡಲು ಇನ್ನೂ ಅವಕಾಶವಿದೆ. ನೆಲ ಇನ್ನೂ ಪೂರ್ತಿ ಸೈಟಾಗಿಲ್ಲ.

ಆದ್ದರಿಂದ ಪ್ಲಾಟು ಕೊಳ್ಳಲು ಹೊರಟಿರುವವರಲ್ಲಿ ಒಂದು ವಿನಂತಿ. ಮುಂಗಡ ಕೊಡುವ ಮೊದಲು ಬಣ್ಣದ ಕರಪತ್ರವನ್ನು ಪಕ್ಕಕ್ಕಿಟ್ಟು, ಮಂಜೂರಾದ ಬಡಾವಣೆ ನಕ್ಷೆಯ ಪ್ರತಿಯನ್ನು ಕೇಳಿ ಪಡೆಯಿರಿ. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯಾದರೆ ರೇರಾ ನೋಂದಣಿ ಇರಬೇಕು, ಅದರ ಸಂಖ್ಯೆ ಕೇಳಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ನೋಡಿ. ನಕ್ಷೆಯಲ್ಲಿ ಉದ್ಯಾನವೆಂದು ಬರೆದ ಜಾಗ ಎಷ್ಟು ಗುಂಟೆ, ಅದನ್ನು ಪಂಚಾಯಿತಿಗೋ ಪುರಸಭೆಗೋ ಬರೆದುಕೊಟ್ಟಿದ್ದಾರೋ ಇಲ್ಲವೋ ವಿಚಾರಿಸಿ, ಆ ಜಾಗದ ಮೇಲೆ ನಿಂತು ನೋಡಿ. ಮನೆ ಕಟ್ಟಿದ ಮೇಲೆ ನೆರೆಯವರೊಡನೆ ಸೇರಿ ಆ ಜಾಗಕ್ಕೆ ಬೇಲಿ ಹಾಕಿಸಿ, ಹೊಂಗೆ-ಬೇವು ನೆಡಿಸಿ. ಯಾರಾದರೂ ಅದನ್ನು ಮಾರಲು ಬಂದರೆ 1991ರ ತೀರ್ಪಿನ ಪ್ರತಿಯನ್ನು ಅವರ ಕೈಗೆ ಕೊಡಿ.